ಎರಡು ಊರಿನ ನೌಕರಿ, ಒಂದೇ ಸಂಸಾರ: ಮನೆ ಎಲ್ಲಿರಬೇಕು?

ಹಿಂದಿನ ಕಾಲದಲ್ಲಿ ಕನ್ಯೆ ನೋಡಲು ಹೋದ ಹಿರಿಯರು ಕೇಳುತ್ತಿದ್ದ ಪ್ರಶ್ನೆಗಳು ಬೇರೆಯಾಗಿದ್ದವು. ಹೊಲವೆಷ್ಟು, ಎತ್ತುಗಳೆಷ್ಟು, ಬಾವಿಗೆ ನೀರುಂಟೋ ಇಲ್ಲವೋ ಎಂದು ವಿಚಾರಿಸಿ ಬರುತ್ತಿದ್ದರು. ಇಂದು ಅದೇ ಪಡಸಾಲೆಯಲ್ಲಿ ಕುಳಿತ ಬೀಗರು ಮೊದಲು ಕೇಳುವುದು ಹುಡುಗನ ನೌಕರಿ ಯಾವ ಊರಿನಲ್ಲಿ, ಹುಡುಗಿಯ ನೌಕರಿ ಯಾವ ಊರಿನಲ್ಲಿ ಎಂಬುದನ್ನು. ಉತ್ತರ ಒಂದೇ ಊರಾದರೆ ಎಲ್ಲರ ಮುಖವೂ ಅರಳುತ್ತದೆ. ಬೇರೆ ಬೇರೆ ಊರಾದರೆ "ಮುಂದೆ ನೋಡಿದರಾಯಿತು" ಎಂಬ ಮಾತಿನೊಡನೆ ವೀಳ್ಯದ ತಟ್ಟೆ ಮುಂದೆ ಸರಿಯುತ್ತದೆ. ಆ 'ಮುಂದೆ' ಎಂಬುದು ಬಂದೇ ಬರುತ್ತದೆ. ಅದು ಬಂದಾಗ ಏನು ಮಾಡಬೇಕೆಂಬುದನ್ನು ಕುರಿತು ನಮ್ಮ ಕುಟುಂಬಗಳಲ್ಲಿ ಶಾಂತವಾಗಿ ಕುಳಿತು ವಿಚಾರ ಮಾಡುವುದು ಕಡಿಮೆ. ಆ ವಿಚಾರವನ್ನು ಓದುಗ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ. ಇದಕ್ಕೆ ನಮ್ಮ ಮನೆಯ ಅನುಭವವೇ ಆಧಾರ. ಅದರಲ್ಲಿ ನಮ್ಮ ತಪ್ಪೂ ಸೇರಿದೆ.

ನಕ್ಷೆಯ ಮೇಲಿಟ್ಟ ಬೆರಳು

ನಾವು ಬ್ಯಾಡಗಿ ತಾಲೂಕಿನ ಒಂದು ಹಳ್ಳಿಯವರು, ನಿವೃತ್ತ ಶಿಕ್ಷಕರು. ನಮ್ಮ ಕಿರಿಯ ಮಗ ಬ್ಯಾಂಕ್ ನೌಕರ. ಸೊಸೆ ಹುಬ್ಬಳ್ಳಿಯ ಒಂದು ಅನುದಾನಿತ ಕಾಲೇಜಿನಲ್ಲಿ ಉಪನ್ಯಾಸಕಿ. ಮದುವೆಯಾದಾಗ ಇಬ್ಬರೂ ಹುಬ್ಬಳ್ಳಿಯಲ್ಲಿಯೇ ಇದ್ದರು. 2021ರಲ್ಲಿ ಮಗನಿಗೆ ದಾವಣಗೆರೆಗೆ ವರ್ಗವಾಯಿತು. ಆಗ ಮೊಮ್ಮಗನಿಗೆ ನಾಲ್ಕು ವರ್ಷ.

ಹುಬ್ಬಳ್ಳಿಗೂ ದಾವಣಗೆರೆಗೂ ಸುಮಾರು 145 ಕಿ.ಮೀ. ಅಂತರ. ನಡುವೆ ಹೆಚ್ಚು ಕಡಿಮೆ ಸರಿ ಅರ್ಧಕ್ಕೆ ಹಾವೇರಿ. ರಾಷ್ಟ್ರೀಯ ಹೆದ್ದಾರಿ ಊರನ್ನು ಸವರಿಕೊಂಡೇ ಹೋಗುತ್ತದೆ. ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗವೂ ಇದೆ. 1997ರಲ್ಲಿ ಜಿಲ್ಲಾ ಕೇಂದ್ರವಾದ ಮೇಲೆ ಶಾಲೆ, ಆಸ್ಪತ್ರೆ, ಕಚೇರಿ ಎಲ್ಲವೂ ಬೆಳೆದಿವೆ. "ಇಬ್ಬರಿಗೂ ಸಮನಾಗಿರಲಿ, ಯಾರಿಗೂ ಅನ್ಯಾಯವಾಗದಿರಲಿ" ಎಂದು ನಕ್ಷೆಯ ಮೇಲೆ ಬೆರಳಿಟ್ಟು ಹಾವೇರಿಯನ್ನು ತೋರಿಸಿದವರು ನಾವೇ. ನಮ್ಮ ಹಳ್ಳಿಗೂ ಅದು ಹತ್ತಿರ, ಮೊಮ್ಮಗ ಹಬ್ಬಕ್ಕೆ ಹುಣ್ಣಿಮೆಗೆ ಬರುತ್ತಾನೆಂಬ ಸ್ವಾರ್ಥವೂ ಆ ಬೆರಳಿನ ತುದಿಯಲ್ಲಿತ್ತು ಎಂಬುದನ್ನು ಈಗ ಮುಚ್ಚಿಡುವುದಿಲ್ಲ.

ಹಾವೇರಿಯಲ್ಲಿ ಬಾಡಿಗೆ ಮನೆ ಹಿಡಿದರು. ಬೆಳಗಿನ ಏಳು ಗಂಟೆಗೆ ಮಗ ತೆಂಕಣಕ್ಕೆ, ಸೊಸೆ ಬಡಗಣಕ್ಕೆ. ಸಂಜೆ ಇಬ್ಬರೂ ಮನೆ ಸೇರುವ ಹೊತ್ತಿಗೆ ಏಳೂವರೆ, ಕೆಲವೊಮ್ಮೆ ಎಂಟು. ಶಾಲೆ ಬಿಟ್ಟ ಮಗುವನ್ನು ಪಕ್ಕದ ಮನೆಯ ಅಜ್ಜಿಯೊಬ್ಬರು ನೋಡಿಕೊಳ್ಳುತ್ತಿದ್ದರು. ನಮ್ಮ ತಾಯಿಯವರು ಹಾಸಿಗೆ ಹಿಡಿದಿದ್ದುದರಿಂದ ನಾವು ಹಳ್ಳಿಯನ್ನು ಬಿಟ್ಟು ಹೋಗುವಂತಿರಲಿಲ್ಲ. ರವಿವಾರ ಹೋಗಿ ನೋಡಿದರೆ ಮನೆಯಲ್ಲಿ ಇಬ್ಬರು ದಣಿದ ಪ್ರಯಾಣಿಕರಿದ್ದರು. ಮಗ ಪತ್ರಿಕೆ ಹಿಡಿದಲ್ಲಿಯೇ ನಿದ್ದೆ ಹೋಗಿರುತ್ತಿದ್ದ. ಸೊಸೆ ವಾರದ ಬಟ್ಟೆಗಳ ರಾಶಿಯ ಮುಂದೆ ಕುಳಿತಿರುತ್ತಿದ್ದಳು.

2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಸಾಮಾನ್ಯ ಹಾಗೂ ವೇಗದೂತ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾಯಿತು. ಸೊಸೆಯ ಖರ್ಚು ಇಳಿಯಿತೆಂದು ನಾವು ಹಿಗ್ಗಿದೆವು. ಟಿಕೆಟ್ಟು ಉಚಿತವಾದುದು ನಿಜ, ಹೊತ್ತು ಉಚಿತವಾಗಲಿಲ್ಲ.

ಅದೇ ವರ್ಷ ಮಳೆಗಾಲದ ಒಂದು ದಿನ ಹನ್ನೊಂದೂವರೆಯ ಸುಮಾರಿಗೆ ಶಾಲೆಯಿಂದ ಫೋನು ಬಂದಿತು, ಮಗುವಿಗೆ ಜ್ವರ ಏರಿದೆ ಎಂದು. ಮಗ ಬ್ಯಾಂಕಿನ ಕೌಂಟರಿನಲ್ಲಿದ್ದ. ಸೊಸೆ ಪಾಠದಲ್ಲಿದ್ದಳು, ಫೋನು ಚೀಲದೊಳಗಿತ್ತು. ಕೊನೆಗೆ ಸುದ್ದಿ ನಮಗೆ ಮುಟ್ಟಿ, ನೆರೆಯವರ ಮೋಟರ್ ಸೈಕಲ್ಲಿನ ಹಿಂದೆ ಕುಳಿತು ನಾವು ಹಾವೇರಿ ತಲುಪಿದಾಗ ಒಂದು ಗಂಟೆ ದಾಟಿತ್ತು. ಮುಖ್ಯಾಧ್ಯಾಪಕರ ಕೋಣೆಯ ಬೆಂಚಿನ ಮೇಲೆ, ಚೀಲವನ್ನೇ ದಿಂಬು ಮಾಡಿಕೊಂಡು ಮೊಮ್ಮಗ ಮಲಗಿದ್ದ. ಶಾಲೆಯವರು ಹಣೆಗೆ ಒದ್ದೆಬಟ್ಟೆ ಹಾಕಿ ಕಾಳಜಿಯಿಂದಲೇ ನೋಡಿಕೊಂಡಿದ್ದರು. ತಾಯಿ ಬಂದಾಗ ಎರಡು ಗಂಟೆ. ತಂದೆ ಬಂದಾಗ ಮೂರು.

ಮೂರು ದಿನಕ್ಕೆ ಜ್ವರ ಇಳಿಯಿತು. ನಾಲ್ಕನೆಯ ದಿನ ಸೊಸೆ ಒಂದು ಹಾಳೆಯನ್ನು ನಮ್ಮ ಕೈಗಿತ್ತಳು. ಅದು ರಾಜೀನಾಮೆಯ ಪತ್ರವಾಗಿತ್ತು.

"ನೌಕರಿ ಬಿಟ್ಟಬಿಡ್ತೀನ್ರಿ ಮಾವಾರ. ಇಬ್ಬರೊಳಗ ಯಾರರ ಒಬ್ಬರು ಮನ್ಯಾಗ ಇರಬೇಕಲ್ರಿ" ಎಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಆಗಲೇ ಎಲ್ಲವನ್ನೂ ತೀರ್ಮಾನಿಸಿಬಿಟ್ಟವಳಂತೆ ಮಾತಾಡಿದ್ದಳು.

ಅಜ್ಜಿ ಕೇಳಿದ ಪ್ರಶ್ನೆ

ಇಂಥ ಹೊತ್ತಿನಲ್ಲಿ ಹಿರಿಯರು "ಒಳ್ಳೆಯದಾಯಿತು" ಎಂದು ಪತ್ರವನ್ನು ಮಡಚಿ ಕೊಡುವುದೇ ಹೆಚ್ಚು. ದುಡಿಮೆಯನ್ನು ಕಾಯಕವೆಂದು ಕರೆದು ಗೌರವಿಸಿದ ಪರಂಪರೆಯಲ್ಲಿ ಹುಟ್ಟಿದವರು ನಾವು. ಆ ಗೌರವ ಗಂಡಸಿನ ದುಡಿಮೆಗೆ ಮಾತ್ರ ಎಂದು ಯಾರೂ ಹೇಳಿಲ್ಲ. ಆದರೂ ಮನೆಯಲ್ಲಿ ತೊಂದರೆ ಬಂದಾಗ ಮೊದಲು ಬೀಳುವುದು ಹೆಣ್ಣುಮಗಳ ನೌಕರಿ. ಒಮ್ಮೆ ರಾಜೀನಾಮೆ ಕೊಟ್ಟರೆ ಹಿಂದಿನ ವರ್ಷಗಳ ಸೇವೆಯೂ ಲೆಕ್ಕದಿಂದ ಹೋಗುತ್ತದೆ. ಮಗು ದೊಡ್ಡವನಾದ ಮೇಲೆ ಅದೇ ಹುದ್ದೆ ಬಾಗಿಲು ತೆರೆದು ಕಾದಿರುವುದಿಲ್ಲ. ಊರು ಬದಲಿಸಿದರೆ ಮತ್ತೆ ಬದಲಿಸಬಹುದು. ಕೊಟ್ಟ ರಾಜೀನಾಮೆಯನ್ನು ಹಿಂದಕ್ಕೆ ಪಡೆಯುವುದು ಸುಲಭವಲ್ಲ. ಆದ್ದರಿಂದ ಪತ್ರವನ್ನು ಪಂಚಾಂಗದೊಳಗಿಟ್ಟು, ಒಂದು ವಾರದ ಅವಕಾಶ ಕೇಳಿದೆವು.

ಆ ರವಿವಾರ ಎಲ್ಲರೂ ಕುಳಿತಾಗ ನಾವು ಮತ್ತೆ ನಕ್ಷೆಯನ್ನೇ ಬಿಡಿಸಿದೆವು. ಹಾವೇರಿ ಬೇಡವಾದರೆ ರಾಣೇಬೆನ್ನೂರೇ, ಕುಂದಗೋಳವೇ ಎಂದು ಊರುಗಳ ಹೆಸರು ಹೇಳತೊಡಗಿದೆವು. ಅಲ್ಲಿಯವರೆಗೆ ಸುಮ್ಮನಿದ್ದ ನಮ್ಮ ಮನೆಯವರು ಬಾಯಿಬಿಟ್ಟರು:

"ನಡುವಿನ ಊರು ಯಾವುದು ಅಂತ ಕೇಳಬ್ಯಾಡ್ರಿ. ಕೂಸಿಗೆ ಏನರ ಆದರ ಮೊದಲು ಓಡಿ ಬರಾವರು ಯಾರು, ಅದನ್ನ ಕೇಳ್ರಿ."

ಮೂವತ್ತೈದು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದ ನಮಗೆ ಹೊಳೆಯದ ಲೆಕ್ಕವನ್ನು ಆ ಒಂದು ಮಾತು ತೋರಿಸಿತು.

ಮೊತ್ತ ಒಂದೇ, ಹಂಚಿಕೆ ಬೇರೆ

ಲೆಕ್ಕ ಸರಳವಾಗಿದೆ. ಎರಡು ಊರುಗಳನ್ನು ಕೂಡಿಸುವ ದಾರಿಯ ಮೇಲೆ ಮನೆ ಎಲ್ಲಿಯೇ ಇದ್ದರೂ ಗಂಡ ಹೆಂಡಿರಿಬ್ಬರ ದೂರವನ್ನು ಕೂಡಿಸಿದರೆ ಬರುವ ಮೊತ್ತ ಒಂದೇ. ಹಾವೇರಿಯಲ್ಲಿದ್ದರೆ ಇಬ್ಬರಿಗೂ ಎಪ್ಪತ್ತೆರಡು ಎಪ್ಪತ್ಮೂರು ಕಿ.ಮೀ., ಕೂಡಿಸಿದರೆ 145. ಹುಬ್ಬಳ್ಳಿಯಲ್ಲಿದ್ದರೆ ಒಬ್ಬರಿಗೆ ಸೊನ್ನೆ, ಇನ್ನೊಬ್ಬರಿಗೆ 145. ನಡುವಿನ ಊರು ಒಂದು ಕಿಲೋಮೀಟರನ್ನೂ ಉಳಿಸುವುದಿಲ್ಲ. ಅದು ದೂರವನ್ನು ಸಮನಾಗಿ ಹಂಚುತ್ತದೆ, ಅಷ್ಟೇ. ಆದರೆ ಸಮನಾಗಿ ಹಂಚಿದಾಗ ಮಗು ಇರುವ ಊರಿನಲ್ಲಿ ಹಗಲು ಹೊತ್ತು ತಾಯಿಯೂ ಇಲ್ಲ, ತಂದೆಯೂ ಇಲ್ಲ. ನ್ಯಾಯವೆಂದು ನಾವು ತಿಳಿದದ್ದು ಇಬ್ಬರ ನಡುವಿನ ನ್ಯಾಯವಾಗಿತ್ತು. ಮೂರನೆಯವನು ಆ ಲೆಕ್ಕದಲ್ಲಿಯೇ ಇರಲಿಲ್ಲ.

ಇನ್ನೊಂದು ಭೇದವೂ ಇದೆ. ದಿನಾಲು ಎಪ್ಪತ್ತು ಕಿ.ಮೀ. ಹೋಗಿಬರುವುದು ಹೇಗೋ ಸಾಧ್ಯವಾದುದರಿಂದ ಜನ ಅದನ್ನು ವರ್ಷಗಟ್ಟಲೆ ಮಾಡುತ್ತಾರೆ. ದಿನಾಲು 145 ಕಿ.ಮೀ. ಅಸಾಧ್ಯವೆಂದು ತಕ್ಷಣ ತಿಳಿಯುತ್ತದೆ. ರೈಲ್ವೆಯವರು 150 ಕಿ.ಮೀ. ವರೆಗೆ ಮಾಸಿಕ ಸೀಸನ್ ಟಿಕೆಟ್ ಕೊಡುತ್ತಾರೆಂಬುದು ನಿಜ. ನಿಯಮ ಒಪ್ಪಿದರೂ ದೇಹ ಒಪ್ಪಬೇಕಲ್ಲವೆ? ಆಗ ಮನುಷ್ಯ ಬೇರೆ ದಾರಿ ಹುಡುಕುತ್ತಾನೆ. ನಮ್ಮ ಮಗ ಹುಡುಕಿದ್ದು ಇದನ್ನೇ.

"ಅಪ್ಪಾ, ನನ್ನ ನೌಕರಿ ಇವತ್ತ ದಾವಣಗೆರಿ, ನಾಳೆ ಎಲ್ಲೋ. ಆಕಿದು ಹಂಗಲ್ಲ. ಆಕಿ ಇದ್ದಲ್ಲೆ ಮನಿ ಇರಲಿ" ಎಂದ.

2023ರ ದೀಪಾವಳಿಯ ಮುಂದೆ ಮನೆ ಹುಬ್ಬಳ್ಳಿಗೆ ಹೋಯಿತು. ಕಾಲೇಜಿಗೂ ಮಗುವಿನ ಹೊಸ ಶಾಲೆಗೂ ಕಾಲು ತಾಸಿನ ಹಾದಿ. ಮಗ ದಾವಣಗೆರೆಯಲ್ಲಿ ಸಹೋದ್ಯೋಗಿಯೊಬ್ಬರೊಡನೆ ಒಂದು ಕೋಣೆ ಹಿಡಿದ. ಊಟಕ್ಕೆ ಖಾನಾವಳಿಯ ರೊಟ್ಟಿ ಪಲ್ಲೆ. ಬುಧವಾರ ರಾತ್ರಿ ಬಂದು ಗುರುವಾರ ನಸುಕಿನಲ್ಲಿ ಮರಳುವುದು, ಶನಿವಾರ ಬಂದು ಸೋಮವಾರ ಹೋಗುವುದು. 2015ರಿಂದ ಬ್ಯಾಂಕುಗಳಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆಯಿರುವುದರಿಂದ ಆ ವಾರಗಳಲ್ಲಿ ಶುಕ್ರವಾರ ರಾತ್ರಿಯೇ ಬಂದುಬಿಡುತ್ತಿದ್ದ.

ಹಾವೇರಿಯಲ್ಲಿದ್ದಾಗ ಆರು ದಿನದ ಒಂದು ವಾರಕ್ಕೆ ಇಬ್ಬರೂ ಸೇರಿ ತಿರುಗುತ್ತಿದ್ದುದು ಸುಮಾರು 1740 ಕಿ.ಮೀ. ಹುಬ್ಬಳ್ಳಿಗೆ ಹೋದ ಮೇಲೆ ಅದು 580ಕ್ಕೆ ಇಳಿಯಿತು, ಅಂದರೆ ಸರಿಯಾಗಿ ಮೂರನೆಯ ಒಂದು ಪಾಲಿಗೆ. ಎರಡು ಕಡೆಯ ಬಾಡಿಗೆಯಿಂದ ಹಣದ ಖರ್ಚು ತುಸು ಹೆಚ್ಚಿತು. ಆದರೆ ಒಂದು ಸಂಬಳ ಉಳಿಯಿತು.

ಇದರಲ್ಲಿ ನೋವಿರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಮಗು ಮಂಗಳವಾರ ಸಂಜೆಯಿಂದಲೇ ಬುಧವಾರವನ್ನು ಎಣಿಸುತ್ತಿತ್ತು. ತಂದೆ ಮನೆ ಮುಟ್ಟುವ ಹೊತ್ತಿಗೆ ಎಷ್ಟೋ ಸಲ ಅದು ನಿದ್ದೆ ಹೋಗಿರುತ್ತಿತ್ತು. ಸೊಸೆ ಒಬ್ಬಳೇ ಗ್ಯಾಸಿನ ಸಿಲಿಂಡರಿನಿಂದ ಹಿಡಿದು ಶಾಲೆಯ ಪಾಲಕರ ಸಭೆಯವರೆಗೆ ಎಲ್ಲವನ್ನೂ ನಿಭಾಯಿಸಿದಳು. ಆದರೆ ಒಂದು ಮಾತನ್ನು ಅವಳೇ ಹೇಳಿದಳು: ಹಾವೇರಿಯಲ್ಲಿ ಇಬ್ಬರೂ ದಿನಾಲು ಮನೆಗೆ ಬರುತ್ತಿದ್ದೆವು, ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ, ಈಗ ವಾರಕ್ಕೆ ಎರಡು ಸಲ ಬಂದರೂ ಅವರು ಬಂದಿದ್ದಾರೆಂದು ಗೊತ್ತಾಗುತ್ತದೆ.

ಬೇರೆ ಮನೆಗಳು, ಬೇರೆ ಉತ್ತರಗಳು

ನಮ್ಮ ಮನೆಯ ಉತ್ತರವೇ ಎಲ್ಲರ ಉತ್ತರವಾಗಬೇಕಿಲ್ಲ. ನಮ್ಮ ಪರಿಚಯದ ಒಂದು ಕುಟುಂಬದಲ್ಲಿ ಪತ್ನಿ ಗದಗಿನಲ್ಲಿ ಶುಶ್ರೂಷಕಿ, ಪತಿ ಹುಬ್ಬಳ್ಳಿಯಲ್ಲಿ ಶಿಕ್ಷಕ. ನಡುವಿನ ಅಂತರ ಅರವತ್ತು ಕಿ.ಮೀ.ಗಿಂತ ಕಡಿಮೆ. ಆಕೆಗೆ ರಾತ್ರಿ ಪಾಳಿ ಬರುತ್ತದೆ, ಪಾಳಿ ವಾರವಾರಕ್ಕೆ ತಿರುಗುತ್ತದೆ. ಆತನದು ಗೊತ್ತಾದ ವೇಳೆಯ ಕೆಲಸ. ಅವರು ಗದಗಿನಲ್ಲಿ ಮನೆ ಮಾಡಿದ್ದಾರೆ. ರಾತ್ರಿ ಹತ್ತಕ್ಕೆ ಕೆಲಸ ಮುಗಿಸಿದ ಹೆಣ್ಣುಮಗಳು ಬಸ್ ನಿಲ್ದಾಣದಲ್ಲಿ ಕಾಯುವುದಕ್ಕಿಂತ, ಬೆಳಗಿನ ರೈಲಿಗೆ ಗಂಡಸು ಓಡುವುದು ಲೇಸೆಂದು ಅವರ ವಿಚಾರ. ಅದು ಸರಿಯಾದ ವಿಚಾರವೇ.

ಇನ್ನೊಂದು ಕುಟುಂಬದಲ್ಲಿ ಪತಿ ಚಿತ್ರದುರ್ಗದಲ್ಲಿ, ಪತ್ನಿ ದಾವಣಗೆರೆಯಲ್ಲಿ. ಅವರು ಇರುವುದು ಎರಡರ ನಡುವಿನ ಭರಮಸಾಗರದ ಬಳಿ. ಇಲ್ಲಿ ನಡುವಿನ ಊರು ಸುಖ ಕೊಟ್ಟಿದೆ. ಏಕೆಂದರೆ ಅದು ಅವರ ಸ್ವಂತ ಊರು. ಮನೆಯಲ್ಲಿ ಗಟ್ಟಿಮುಟ್ಟಾದ ಅಜ್ಜ ಅಜ್ಜಿಯರಿದ್ದಾರೆ. ಶಾಲೆಯಿಂದ ಕರೆ ಬಂದರೆ ಅಜ್ಜ ಹತ್ತು ನಿಮಿಷದಲ್ಲಿ ಅಲ್ಲಿರುತ್ತಾರೆ. ಹಗಲು ಹೊತ್ತು ಮನೆಯಲ್ಲಿ ತಮ್ಮವರೊಬ್ಬರಿದ್ದರೆ ನಡುವಿನ ಊರು ಚೆನ್ನ. ಇಲ್ಲದಿದ್ದರೆ ಅದು ಬರಿಯ ತಂಗುದಾಣ.

ಹುಬ್ಬಳ್ಳಿ–ಧಾರವಾಡದಂಥ ಜೋಡಿ ನಗರಗಳ ಮಾತೇ ಬೇರೆ. ಇಪ್ಪತ್ತು ಕಿ.ಮೀ. ಅಂತರ, 'ಚಿಗರಿ' ಬಸ್ಸುಗಳಿಗೆಂದೇ ಪ್ರತ್ಯೇಕ ದಾರಿ. ಅಲ್ಲಿ ಯಾವ ತುದಿಯಲ್ಲಿದ್ದರೂ ನಡೆಯುತ್ತದೆ, ಶಾಲೆ ನೋಡಿಕೊಂಡು ಮನೆ ಮಾಡಿದರೆ ಸಾಕು.

ಕುಳಿತು ಬರೆಯಬೇಕಾದ ಹಾಳೆ

ಮನೆ ಬದಲಿಸುವ ಮೊದಲು ಗಂಡ ಹೆಂಡಿರಿಬ್ಬರೂ ಒಂದು ಹಾಳೆ ತೆಗೆದುಕೊಂಡು ಕೆಲವು ಸಂಗತಿಗಳನ್ನು ಬರೆಯುವುದು ಒಳ್ಳೆಯದು.

ಮೊದಲನೆಯದು, ಯಾರ ನೌಕರಿ ಊರಿಗೆ ಅಂಟಿದ್ದು, ಯಾರದು ವರ್ಗಾವಣೆಯದು? ಮೂರು ವರ್ಷಕ್ಕೊಮ್ಮೆ ತಿರುಗುವ ನೌಕರಿಯ ಹಿಂದೆ ಮನೆ, ಶಾಲೆ, ಸಂಗಾತಿಯ ಕೆಲಸ ಮೂರೂ ತಿರುಗಿದರೆ ಯಾವುದೂ ಬೇರು ಬಿಡುವುದಿಲ್ಲ. ಕೆಲವು ಹುದ್ದೆಗಳಲ್ಲಿ ಕೇಂದ್ರಸ್ಥಾನದಲ್ಲಿಯೇ ವಾಸಿಸಬೇಕೆಂಬ ನಿಯಮವೂ ಉಂಟು. ಅದನ್ನು ಮೊದಲೇ ತಿಳಿದಿರಬೇಕು.

ಎರಡನೆಯದು, ಯಾರ ವೇಳೆ ಕದಲಿಸಲಾಗದ್ದು? ಮೊದಲ ಪಾಠದ ಗಂಟೆ ಬಾರಿಸಿದಾಗ ಅಧ್ಯಾಪಕಿ ತರಗತಿಯಲ್ಲಿರಲೇಬೇಕು. ರಾತ್ರಿ ಪಾಳಿಯವರ ಕಷ್ಟ ಇನ್ನೂ ಹೆಚ್ಚಿನದು. ವೇಳೆ ಬಿಗಿಯಾಗಿರುವವರಿಗೆ ಮನೆ ಹತ್ತಿರವಿರಲಿ.

ಮೂರನೆಯದು, ದೂರವನ್ನು ಕಿಲೋಮೀಟರಿನಲ್ಲಿ ಅಳೆಯದೆ ಹೊಸ್ತಿಲಿನಿಂದ ಹೊಸ್ತಿಲಿಗೆ ಹೊತ್ತಿನಲ್ಲಿ ಅಳೆಯಬೇಕು. ಹಾವೇರಿಯಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಒಂದು, ಒಂದೂಕಾಲು ತಾಸು. ಆದರೆ ಮನೆಯಿಂದ ನಿಲ್ದಾಣಕ್ಕೆ ಹೋಗುವುದು, ಗಾಡಿಗೆ ಕಾಯುವುದು, ಇಳಿದು ಹೊರಬರುವುದು, ಆಟೋ ಹಿಡಿಯುವುದು ಎಲ್ಲ ಸೇರಿದರೆ ಎರಡು ತಾಸು ದಾಟುತ್ತದೆ. ಹುಬ್ಬಳ್ಳಿ ನಿಲ್ದಾಣದಲ್ಲಿ 2023ರಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರ್ಮ್ ಒಂದೇ 1507 ಮೀಟರ್ ಉದ್ದವಿದೆ. ಅದರ ತುದಿಯಲ್ಲಿ ಇಳಿದವರು ನಡೆಯುವ ಹೊತ್ತನ್ನು ವೇಳಾಪಟ್ಟಿ ತೋರಿಸುವುದಿಲ್ಲ. ಸಾಧ್ಯವಿದ್ದರೆ ಮನೆ ಹಿಡಿಯುವ ಮೊದಲು ಹದಿನೈದು ದಿನ, ಅದರಲ್ಲಿಯೂ ಮಳೆಗಾಲದಲ್ಲಿ, ಹೋಗಿಬಂದು ನೋಡಬೇಕು. ಸಂಜೆಯ ಗಾಡಿ ತಪ್ಪಿದರೆ ಮುಂದಿನದು ಯಾವಾಗ ಎಂಬುದನ್ನೂ ಬರೆದುಕೊಳ್ಳಬೇಕು.

ನಾಲ್ಕನೆಯದು, ನಮ್ಮ ಮನೆಯವರು ಕೇಳಿದ ಪ್ರಶ್ನೆ. ಮಗುವಿಗೋ ವೃದ್ಧರಿಗೋ ಹಗಲು ಹೊತ್ತು ಏನಾದರೂ ಆದರೆ ಅರ್ಧ ತಾಸಿನೊಳಗೆ ಬರುವ ತಮ್ಮವರು ಯಾರು? ಆ ಜಾಗದಲ್ಲಿ ಒಂದು ಹೆಸರೂ ಬರೆಯಲಾಗದಿದ್ದರೆ ಆ ಊರನ್ನು ಬಿಡುವುದು ಲೇಸು.

ಐದನೆಯದು, ಇಬ್ಬರೂ ಒಂದೇ ಊರಿಗೆ ಬರಲು ದಾರಿಯಿದೆಯೇ? ಪತಿ-ಪತ್ನಿಯರನ್ನು ಸಾಧ್ಯವಾದಷ್ಟು ಒಂದೇ ಸ್ಥಳದಲ್ಲಿ ನೇಮಿಸಬೇಕೆಂದು ಕೇಂದ್ರ ಸರ್ಕಾರ 1986ರಲ್ಲಿಯೇ ತನ್ನ ನೌಕರರಿಗಾಗಿ ಮಾರ್ಗಸೂಚಿ ಹೊರಡಿಸಿ, 2009ರಲ್ಲಿ ಅದನ್ನು ಮತ್ತಷ್ಟು ಬಲಪಡಿಸಿತು. ನಮ್ಮ ರಾಜ್ಯದ ಶಿಕ್ಷಕರ ವರ್ಗಾವಣೆಯಲ್ಲಿಯೂ 'ಪತಿ-ಪತ್ನಿ ಪ್ರಕರಣ' ಎಂಬ ವಿಭಾಗವಿದೆ. ಕೇಳಿದೊಡನೆ ಸಿಗುವುದೆಂಬ ಭರವಸೆ ಇದರಲ್ಲಿಲ್ಲ. ಆದರೆ ಕೇಳದವರಿಗೆ ಎಂದೂ ಸಿಗುವುದಿಲ್ಲ. ಅರ್ಜಿಯನ್ನು ಅವಧಿಯೊಳಗೆ, ವಿವಾಹದ ಹಾಗೂ ಸೇವೆಯ ದಾಖಲೆಗಳೊಡನೆ ಸಲ್ಲಿಸಿ ಅದರ ಪ್ರತಿಯನ್ನು ಕಾಪಿಟ್ಟುಕೊಳ್ಳಬೇಕು.

ಕೊನೆಯದಾಗಿ ಹಣದ ಮಾತು. ಸ್ವಂತ ಮನೆಯ ಆಸೆ ನಮ್ಮ ಜನರಿಗೆ ಬಲವಾದುದು. ಆದರೆ ಇಬ್ಬರ ನೌಕರಿಯ ನೆಲೆ ಗಟ್ಟಿಯಾಗುವ ಮೊದಲೇ ಸಾಲ ಮಾಡಿ ಮನೆ ಕಟ್ಟಿದರೆ, ಆಮೇಲೆ ಮನೆಗಾಗಿ ಮನುಷ್ಯರು ತಿರುಗಬೇಕಾಗುತ್ತದೆ. ಕೆಲವು ವರ್ಷ ಬಾಡಿಗೆ ಮನೆಯಲ್ಲಿರುವುದು ಅವಮಾನವಲ್ಲ. ಪತ್ನಿಯ ಸಂಬಳದಲ್ಲಿ ಪ್ರಯಾಣದ ಖರ್ಚು ಕಳೆದು "ಇಷ್ಟಕ್ಕಾಗಿ ಇಷ್ಟು ಕಷ್ಟವೇ" ಎನ್ನುವ ಲೆಕ್ಕವೂ ತಪ್ಪು. ಖರ್ಚು ಇಡೀ ಸಂಸಾರದ್ದು, ಅದನ್ನು ಒಬ್ಬರ ಸಂಬಳದಲ್ಲಿ ಮಾತ್ರ ಕಳೆಯುವುದು ನ್ಯಾಯವಲ್ಲ.

ಹಿರಿಯರಿಗೆ ಒಂದು ಬಿನ್ನಹ

ನಮ್ಮಂಥ ಹಿರಿಯರಿಗೆ ಎರಡು ಮಾತು ಹೇಳಬೇಕು. ಮನೆ ಗಂಡನ ಊರಿನಲ್ಲಿಯೇ ಇರಬೇಕೆಂಬುದು ಹಳೆಯ ರೂಢಿ. ಮಗ ಸೊಸೆಯ ಊರಿನಲ್ಲಿ ಮನೆ ಮಾಡಿದನೆಂದು ತಿಳಿದಾಗ ಬಂಧುಗಳಲ್ಲಿ ಕೆಲವರು ನಕ್ಕರು. "ಮಗ ಖಾನಾವಳಿಯಲ್ಲಿ ಉಣ್ಣುತ್ತಾನಂತೆ" ಎಂದು ಮರುಕ ತೋರಿಸಿದವರೂ ಇದ್ದರು. ಎರಡು ವರ್ಷ ಸೊಸೆ ಬಸ್ಸಿನಲ್ಲಿ ನಿಂತುಕೊಂಡು ಹೋದಾಗ ಯಾರೂ ಮರುಗಿರಲಿಲ್ಲ. ಮಕ್ಕಳ ಸಂಸಾರದಲ್ಲಿ ಸಲಹೆ ಕೊಡುವಾಗ ನಮ್ಮ ಅನುಕೂಲವನ್ನು ಅವರ ಹಿತವೆಂದು ಹೇಳದಿರುವ ಎಚ್ಚರ ಬೇಕು. ಒಮ್ಮೆ ಮಾಡಿದ ನಿರ್ಧಾರವನ್ನು ವರ್ಷಕ್ಕೊಮ್ಮೆಯಾದರೂ ಮತ್ತೆ ನೋಡಲು ಅವರಿಗೆ ಅವಕಾಶ ಕೊಡಬೇಕು. ಮಗು ಬೆಳೆಯುತ್ತದೆ, ಹಿರಿಯರು ಬಾಗುತ್ತಾರೆ, ವರ್ಗಾವಣೆ ಬರುತ್ತದೆ. ಅಂದು ಸರಿಯಾದದ್ದು ಇಂದು ಸರಿಯಾಗಿರಬೇಕೆಂದಿಲ್ಲ.

2025ರಲ್ಲಿ ಮಗನಿಗೆ ಮತ್ತೆ ವರ್ಗವಾಯಿತು. ಎಲ್ಲಿಗೆಂದರೆ ಹಾವೇರಿಗೆ! ಆದೇಶ ಬಂದ ದಿನ ಫೋನಿನಲ್ಲಿ ಅವನೂ ನಕ್ಕ, ನಾವೂ ನಕ್ಕೆವು. ನಾವು ಅಂದು ಬೆರಳಿಟ್ಟು ತೋರಿಸಿದ ಊರಿಗೆ ಈಗ ಅವನೊಬ್ಬನೇ ಬೆಳಗಿನ ರೈಲಿಗೆ ಹೋಗಿ, ಸಂಜೆ ಹುಬ್ಬಳ್ಳಿಯ ಮನೆಗೆ ಮರಳುತ್ತಾನೆ. ಮನೆಗೆ ಬಂದಾಗ ಮಗು ಎಚ್ಚರವಾಗಿರುತ್ತದೆ, ಲೆಕ್ಕದ ಪುಸ್ತಕ ಹಿಡಿದು ಕಾದಿರುತ್ತದೆ.

ಸೊಸೆ ಕೊಟ್ಟ ಆ ಪತ್ರ ಹಳೆಯ ಪಂಚಾಂಗದೊಳಗೆ ಹಾಗೆಯೇ ಇತ್ತು. ಮೊನ್ನೆ ಯುಗಾದಿಗೆ ಮನೆ ಸ್ವಚ್ಛ ಮಾಡುವಾಗ ಸಿಕ್ಕಿತು. ಅವಳಿಗೆ ಕೊಟ್ಟೆವು. ಓದಿ ನೋಡಿ, ಏನೂ ಹೇಳದೆ, ನೀರು ಕಾಯಿಸುವ ಒಲೆಗೆ ಹಾಕಿ ಬಂದಳು.